ಸ್ಟೀವನ್ ಸೀಗಲ್ ಅವರ ಐಕಿಡೋ ನಿಜವಾದದ್ದಾ? ಕೈ ಬಿಟ್ಟು ಕಾಲು ನೋಡೋಣ

ಜಯನಗರ ಮ್ಯಾಟ್ (ಚರ್ಚೆ ಶುರು ಮಾಡಿದವರು):

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗಿನ ಐಕಿಡೋ (ಸಮತೋಲ ಕೆಡಿಸಿ, ಕೀಲು ತಿರುಗಿಸಿ ಬೀಳಿಸುವ ಜಪಾನಿ ಸಮರಕಲೆ) ಕ್ಲಾಸ್ ಮುಗಿಸಿ ನಾವು ಐದಾರು ಜನ ಎಂದಿನಂತೆ ದರ್ಶಿನಿಗೆ ಹೋಗಿದ್ದೆವು. ಬೈ-ಟು ಕಾಫಿ ಬರುವಷ್ಟರಲ್ಲಿ ನಮ್ಮ ಹೊಸ ಹುಡುಗ ಫೋನ್ ತೆಗೆದು ಒಂದು ವಿಡಿಯೋ ತೋರಿಸಿದ. ಹಾಲಿವುಡ್ ಫೈಟ್ ಸಿನಿಮಾಗಳ ನಟ ಸ್ಟೀವನ್ ಸೀಗಲ್ ಮ್ಯಾಟ್ ಮಧ್ಯೆ ನಿಂತಿದ್ದಾರೆ. ಒಬ್ಬೊಬ್ಬರೇ ಓಡಿ ಬಂದು ಬೀಳುತ್ತಿದ್ದಾರೆ. ಕೆಳಗೆ ನೂರಾರು ಜನ ನಗುತ್ತಾ ಬರೆದಿದ್ದಾರೆ. "ಅಕ್ಕಾ, ನಾವು ಕಲೀತಿರೋದೂ ಇದೇನಾ?" ಅಂತ ಕೇಳಿದ. ಅವನ ಮುಖ ಸಪ್ಪಗಾಗಿತ್ತು.

ಅಲ್ಲಿ ನನಗೆ ಸರಿಯಾಗಿ ಉತ್ತರ ಕೊಡೋಕೆ ಆಗಲಿಲ್ಲ. ಹನ್ನೊಂದು ವರ್ಷದಿಂದ ಮ್ಯಾಟ್ ಮೇಲೆ ಬೀಳುತ್ತಾ ಏಳುತ್ತಾ ಇದ್ದೀನಿ, ಆದರೂ ಮಾತು ಹೊರಡಲಿಲ್ಲ. ಮನೆಗೆ ಬಂದು ಎರಡು ದಿನ ಹಳೇ ವಿಡಿಯೋ, ಹೊಸ ವಿಡಿಯೋ ಎಲ್ಲ ಹಾಕಿಕೊಂಡು ಕೂತೆ. ನನಗೆ ಅನಿಸಿದ್ದನ್ನು ಇಲ್ಲಿ ಇಡುತ್ತೀನಿ. ತಪ್ಪಿದ್ದರೆ ಹೇಳಿ.

ಮೊದಲು ಅವರು ಯಾರು, ಎಲ್ಲಿ ಕಲಿತರು ಅನ್ನೋದು. ಸೀಗಲ್ ಹುಟ್ಟಿದ್ದು 1952ರ ಏಪ್ರಿಲ್ 10ರಂದು, ಅಮೆರಿಕದ ಮಿಷಿಗನ್‌ನಲ್ಲಿ. 1970ರ ದಶಕದ ಮೊದಲ ವರ್ಷಗಳಲ್ಲಿ ಜಪಾನ್‌ಗೆ ಹೋದರು. ಒಸಾಕಾದಲ್ಲಿ ಮಿಯಾಕೊ ಫುಜಿತಾನಿ ಅವರನ್ನು ಮದುವೆಯಾದರು. ಫುಜಿತಾನಿ ಅವರೂ ಐಕಿಡೋದವರೇ. ಅಲ್ಲಿನ ತೆನ್‌ಶಿನ್ ದೋಜೋದಲ್ಲಿ, ಅಂದರೆ ಅಭ್ಯಾಸ ಶಾಲೆಯಲ್ಲಿ, ಸೀಗಲ್ ವರ್ಷಗಟ್ಟಲೆ ಪಾಠ ಹೇಳಿದರು. 1983ರಲ್ಲಿ ಹಾರುವೋ ಮಾತ್ಸುವೊಕಾ ಅನ್ನುವ ಶಿಷ್ಯನನ್ನು ಕರೆದುಕೊಂಡು ಅಮೆರಿಕಕ್ಕೆ ವಾಪಸಾಗಿ ಲಾಸ್ ಏಂಜಲಿಸ್ ಕಡೆ ದೋಜೋ ತೆರೆದರು. ನಾಯಕರಾಗಿ ಮೊದಲ ಸಿನಿಮಾ ಬಂದಿದ್ದು 1988ರಲ್ಲಿ. ಅಂದರೆ ಸಿನಿಮಾದ ಬಣ್ಣ ಹಚ್ಚುವ ಮೊದಲೇ ಅವರು ಐಕಿಡೋ ಮೇಷ್ಟ್ರು. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಆ ಕಾಲದ ಸೀಗಲ್ ಅವರ ಐಕಿಡೋ ಗಟ್ಟಿ. ನಾವು ಈಗ ನೋಡಿ ನಗುತ್ತಿರುವ ವಿಡಿಯೋಗಳಲ್ಲಿ ಅದು ಬಹಳಷ್ಟು ಇಲ್ಲ. ಇದನ್ನು ತಿಳಿಯೋಕೆ ಅವರ ಕೈ ನೋಡಿದರೆ ಪ್ರಯೋಜನ ಇಲ್ಲ, ಎದುರಿನವನು ಎಷ್ಟು ಎತ್ತರಕ್ಕೆ ಹಾರಿ ಬಿದ್ದ ಅಂತ ನೋಡಿದರೂ ಇಲ್ಲ. ಕಾಲು ನೋಡಬೇಕು. ಫೋನಿನ ಮೇಲರ್ಧವನ್ನು ಒಂದು ಕಾಗದದಿಂದ ಮುಚ್ಚಿ, ಸೊಂಟದಿಂದ ಕೆಳಗೆ ಮಾತ್ರ ನೋಡಿ. ನಾನು ಹಾಗೇ ಮಾಡಿದೆ.

ರಾಜಾಜಿನಗರ ಹುಡುಗ:

ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ನಾನು ಮೂರು ವರ್ಷದಿಂದ ಕಿಕ್‌ಬಾಕ್ಸಿಂಗ್ ಮಾಡ್ತಿದ್ದೀನಿ. ನಮ್ಮಲ್ಲಿ ಯಾರೂ ಸುಮ್ನೆ ಓಡಿ ಬಂದು ಕೈ ಕೊಟ್ಟು ಪಲ್ಟಿ ಹೊಡೆಯಲ್ಲ. ಅವರು ಬೀಳುತ್ತಿರೋದು ಶಿಷ್ಯರು ಅನ್ನೋ ಕಾರಣಕ್ಕೆ. ಗುರುಗಳಿಗೆ ಅವಮಾನ ಆಗಬಾರದು ಅಂತ ಬೀಳ್ತಾರೆ. ಹಳೇ ವಿಡಿಯೋದಲ್ಲೂ ಅಷ್ಟೇ ಅಲ್ವಾ? ಆಗಲೂ ಶಿಷ್ಯರೇ, ಈಗಲೂ ಶಿಷ್ಯರೇ. ಒಂದನ್ನು ನಿಜ, ಇನ್ನೊಂದನ್ನು ಸುಳ್ಳು ಅಂತ ಹೇಗೆ ಹೇಳ್ತೀರಾ?

ಜಯನಗರ ಮ್ಯಾಟ್:

ಬೇಜಾರೇನಿಲ್ಲ ತಮ್ಮಾ. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀಯ.

ಐಕಿಡೋದಲ್ಲಿ ಹೊಡೆಯೋಕೆ ಬಂದು ಬೀಳುವವರನ್ನು ಉಕೆ ಅಂತೀವಿ. ಉಕೆ ಬೀಳುವುದು ನಾಟಕವಲ್ಲ, ಹಾಗಂತ ಪೂರ್ತಿ ಬಲವಂತವೂ ಅಲ್ಲ. ಅದು ತನ್ನ ಕೀಲು ಉಳಿಸಿಕೊಳ್ಳುವ ವಿದ್ಯೆ. ಕೋತೆಗಯೇಶಿ ಅನ್ನುವ ಪಟ್ಟನ್ನೇ ತೆಗೆದುಕೋ. ನನ್ನ ಹೆಬ್ಬೆರಳು ನಿನ್ನ ಅಂಗೈಯ ಹಿಂಭಾಗದಲ್ಲಿ, ಕಿರುಬೆರಳು ಮತ್ತು ಉಂಗುರ ಬೆರಳಿನ ಬುಡದ ಹತ್ತಿರ ಕೂರುತ್ತದೆ. ಉಳಿದ ಬೆರಳುಗಳು ನಿನ್ನ ಹೆಬ್ಬೆರಳಿನ ಬುಡದ ದಪ್ಪ ಮಾಂಸವನ್ನು ಸುತ್ತಿ ಹಿಡಿಯುತ್ತವೆ. ಅಲ್ಲಿಂದ ನಿನ್ನ ಅಂಗೈಯನ್ನು ಒಳಕ್ಕೆ ಮಡಚಿ ಹೊರಗಡೆಗೆ ತಿರುಗಿಸುತ್ತೀನಿ. ನಾನು ನಿಂತಲ್ಲೇ ನಿಂತು ಬರೀ ಕೈಬಲದಿಂದ ತಿರುಗಿಸಿದರೆ ನಿನ್ನಂಥ ಗಟ್ಟಿ ಮುಂಗೈ ಇರುವವನು ಆರಾಮಾಗಿ ತಡೆಯುತ್ತಾನೆ. ಅದೇ ನಾನು ಕಾಲು ಹಿಂದಕ್ಕೆ ಎಳೆದು ಸೊಂಟ ತಿರುಗಿಸಿದೆ ಅನ್ನು, ನಿನ್ನ ಮೊಣಕೈ ಮುಂದಕ್ಕೆ ಬರುತ್ತದೆ, ಭುಜ ಇಳಿಯುತ್ತದೆ, ಮೈಭಾರ ಪೂರ್ತಿ ಒಂದೇ ಪಾದದ ಅಂಚಿಗೆ ಬಂದು ನಿಲ್ಲುತ್ತದೆ. ಆಗ ನಿನಗೆ ಉಳಿಯೋದು ಎರಡೇ ದಾರಿ. ಬೀಳಬೇಕು, ಇಲ್ಲಾ ಮಣಿಕಟ್ಟು ಕೊಡಬೇಕು.

ಒಂದು ಸಲ ಬೇರೆ ಊರಿನ ಶಿಬಿರದಲ್ಲಿ ನಾನು ಹಟಕ್ಕೆ ಬೀಳದೆ ನಿಂತೆ. ನನ್ನ ಜೊತೆಗಿದ್ದವರು ನಿಲ್ಲಿಸಲಿಲ್ಲ. ಟಕ್ ಅಂತ ಸಣ್ಣ ಶಬ್ದ. ಆಮೇಲೆ ಮೂರು ವಾರ ದೋಸೆ ಹುಯ್ಯೋಕೆ ಸೌಟು ಹಿಡಿಯೋಕೂ ಆಗಲಿಲ್ಲ.

ಹಾಗಾಗಿ ಉಕೆ ಬಿದ್ದ ಅನ್ನೋದರಿಂದ ಏನೂ ತಿಳಿಯಲ್ಲ. ಬೀಳುವ ಮೊದಲು ಅವನ ಸಮತೋಲ ಹೋಗಿತ್ತಾ, ಇಲ್ವಾ ಅನ್ನೋದು ತಿಳಿಸುತ್ತದೆ. ಆ ಸಮತೋಲ ಕೆಡಿಸೋದು ಪಟ್ಟು ಹಾಕಿದವರ ಕಾಲು. ಹಳೇ ದೃಶ್ಯಗಳಲ್ಲಿ ಸೀಗಲ್ ಹೊಡೆತ ಬರುವ ಗೆರೆಯಿಂದ ಮೊದಲೇ ಹೊರಗೆ ಹೋಗಿರುತ್ತಾರೆ. ಇದಕ್ಕೆ ಇರಿಮಿ ಅಂತೀವಿ, ಹೊಡೆತದ ಗೆರೆ ಬಿಟ್ಟು ಎದುರಿನವನ ಪಕ್ಕಕ್ಕೆ ಒಳನುಗ್ಗುವುದು. ಹೊಸ ದೃಶ್ಯಗಳಲ್ಲಿ ಹೆಚ್ಚಿನ ಪಾಲು ನಿಂತಲ್ಲೇ ಇರುತ್ತಾರೆ. ಉಕೆಯೇ ಬಂದು, ಉಕೆಯೇ ತಿರುಗಿ, ಉಕೆಯೇ ಬೀಳುತ್ತಾನೆ. ಈ ವ್ಯತ್ಯಾಸ ನಾನು ಕಲ್ಪಿಸಿಕೊಂಡಿದ್ದಲ್ಲ. ಕಾಗದ ಇಟ್ಟು ನೋಡಿದರೆ ಯಾರಿಗಾದರೂ ಕಾಣುತ್ತದೆ.

ಹಳೇ ಜೂಡೋ:

ನಾನು ಇಪ್ಪತ್ತು ವರ್ಷ ಜೂಡೋ ಆಡಿದವನು. ಈಗ ಮೊಣಕಾಲು ಸಾಥ್ ಕೊಡುತ್ತಿಲ್ಲ, ಅದಕ್ಕೇ ಎರಡು ವರ್ಷದಿಂದ ಐಕಿಡೋ ಮ್ಯಾಟ್‌ಗೆ ಬರುತ್ತಿದ್ದೀನಿ. ಎರಡೂ ಕಡೆ ನಿಂತು ನೋಡಿದ್ದರಿಂದ ಒಂದು ಮಾತು.

ನಾನು ಐಕಿಡೋಗೆ ಬಂದ ಮೊದಲ ತಿಂಗಳು ಯಾರಿಗೂ ಬೀಳಲಿಲ್ಲ. ಇವರ ವಿದ್ಯೆಯಲ್ಲಿ ಹುರುಳಿಲ್ಲ ಅಂತಲೇ ನಂಬಿದ್ದೆ. ಆಮೇಲೆ ಒಂದು ದಿನ ಅಲ್ಲಿನ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ನಾನು ಯಾವ ಪಟ್ಟು ಹಾಕ್ತೀನಿ ಅಂತ ನಿಮಗೆ ಮೊದಲೇ ಗೊತ್ತು. ಅದಕ್ಕೆ ತಡೀತಿದ್ದೀರ. ಈಗ ಗೊತ್ತಿಲ್ಲದೆ ಹಿಡೀರಿ" ಅಂದರು. ಹಿಡಿದೆ. ನನ್ನ ಪೂರ್ತಿ ಬಲ ಅವರ ಒಂದು ಕೈ ತಡೆಯೋದರಲ್ಲಿತ್ತು. ಅವರು ಆ ಕೈಯನ್ನು ಹಾಗೇ ಬಿಟ್ಟು, ಇನ್ನೊಂದು ಅಂಗೈಯನ್ನು ನನ್ನ ಮೂಗಿನ ಮುಂದೆ ತಂದು ನಿಲ್ಲಿಸಿದರು. ನಾನು ತಲೆ ಹಿಂದಕ್ಕೆ ಎಳೆದುಕೊಂಡೆ. ಅಷ್ಟೇ, ಮೈ ಹಿಂದಕ್ಕೆ ಹೋಗಿಬಿಟ್ಟಿತು. ಬಿದ್ದೆ.

ಇವರು ಅತೆಮಿ ಅಂತಾರಲ್ಲ, ಮುಖಕ್ಕೋ ಪಕ್ಕೆಗೋ ಬರುವ ಹೊಡೆತ, ಅದು ಇಲ್ಲದ ಐಕಿಡೋ ಪೂರ್ತಿ ಐಕಿಡೋ ಅಲ್ಲ. ಹಳೇ ಸೀಗಲ್ ಅವರಲ್ಲಿ ನನಗೆ ಇಷ್ಟವಾದದ್ದು ಇದೇ. ಅವರ ಕೈ ಮುಖದ ಕಡೆ ನಿಜವಾಗಿ ಹೋಗುತ್ತದೆ. ಉಕೆ ಅದಕ್ಕೆ ಹೆದರಿ ತಲೆ ಎತ್ತುತ್ತಾನೆ, ಆಮೇಲೆ ಬೀಳುತ್ತಾನೆ. ಆ ಹೆದರಿಕೆ ಕೃತಕ ಅಂತ ನನಗೆ ಅನಿಸಲ್ಲ.

ಇನ್ನೊಂದು, ಅವರ ಎತ್ತರ. ಆರಡಿ ನಾಲ್ಕಂಗುಲ ಅಂತಾರೆ. ಒಸಾಕಾದ ಶಿಷ್ಯರ ತಲೆ ಅವರ ಎದೆಗೋ ಭುಜಕ್ಕೋ ಬರುತ್ತದೆ. ಇರಿಮಿನಾಗೆ ಅನ್ನೋ ಪಟ್ಟಿನಲ್ಲಿ ಕತ್ತಿನ ಮೇಲೆ ತೋಳು ಇಳಿಸಿ ಬೀಳಿಸಬೇಕು. ಅಷ್ಟು ಉದ್ದ ತೋಳು, ಅಷ್ಟು ಎತ್ತರದಿಂದ ಇಳಿದರೆ ಅರ್ಧ ಕೆಲಸ ಅಲ್ಲೇ ಆಯ್ತು. ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು. ಹೊಗಳೋಕೂ ಅಲ್ಲ, ತೆಗಳೋಕೂ ಅಲ್ಲ.

ಮಲ್ಲೇಶ್ವರ ಹದಿನೈದನೇ ಕ್ರಾಸ್:

ಸೀಗಲ್ ಅವರದು ಏಳನೇ ದಾನ್ (ಬ್ಲ್ಯಾಕ್ ಬೆಲ್ಟ್ ದರ್ಜೆ) ಅಂತ ಎಲ್ಲ ಕಡೆ ಬರೆಯುತ್ತಾರೆ. ನಮ್ಮ ಮಗಳು ಕರಾಟೆ ಕಲಿಯುತ್ತಿದ್ದಾಳೆ, ಅಲ್ಲಿ ಒಂದನೇ ದಾನ್ ಅಂದರೇ ದೊಡ್ಡದು. ಏಳು ಅಂದರೆ ಸಾಮಾನ್ಯನಾ? ಅಷ್ಟು ದೊಡ್ಡ ಬೆಲ್ಟ್ ಇದ್ದವರನ್ನು ನಾವು ಇಲ್ಲಿ ಕೂತು ಅಳೆಯೋದು ಸರಿಯಾ?

ಜಯನಗರ ಮ್ಯಾಟ್:

ಅಳೆಯಬಹುದು ಸಾರ್, ಗೌರವ ಇಟ್ಟುಕೊಂಡೇ ಅಳೆಯಬಹುದು.

ಐಕಿಡೋ ಶುರು ಮಾಡಿದವರು ಮೊರಿಹೇ ಉಯೆಶಿಬಾ. 1883ರಲ್ಲಿ ಹುಟ್ಟಿ 1969ರಲ್ಲಿ ತೀರಿಕೊಂಡರು. ಅವರ ಮನೆತನದವರೇ ನಡೆಸುವ ಸಂಸ್ಥೆ ಐಕಿಕಾಯ್, ಟೋಕಿಯೋದಲ್ಲಿದೆ. ಅಲ್ಲಿ ಮೊದಲ ನಾಲ್ಕು ದಾನ್‌ಗಳನ್ನು ಪರೀಕ್ಷೆ ಕೊಟ್ಟು ಪಡೆಯುತ್ತಾರೆ. ಅದರ ಮೇಲಿನವು ಶಿಫಾರಸಿನ ಮೇಲೆ ಬರುತ್ತವೆ. ಎಷ್ಟು ವರ್ಷ ಕಲಿಸಿದ್ದೀರಿ, ಎಷ್ಟು ಶಿಷ್ಯರನ್ನು ತಯಾರು ಮಾಡಿದ್ದೀರಿ, ಕಲೆಯನ್ನು ಎಷ್ಟು ಹರಡಿದ್ದೀರಿ ಅನ್ನೋದೆಲ್ಲ ಅದರಲ್ಲಿ ಸೇರುತ್ತದೆ. ಏಳನೇ ದಾನ್ ಅಂದರೆ ಒಂದು ಜೀವಮಾನದ ಕೆಲಸಕ್ಕೆ ಸಿಕ್ಕ ಮನ್ನಣೆ. ಅದನ್ನು ಹಗುರ ಮಾಡೋಕೆ ನನಗೆ ಮನಸ್ಸಿಲ್ಲ. ಆದರೆ ಇವತ್ತು ಬೆಳಿಗ್ಗೆ ಆ ಮನುಷ್ಯ ಮ್ಯಾಟ್ ಮೇಲೆ ಹೇಗಿದ್ದಾರೆ ಅಂತ ಅದು ಹೇಳಲ್ಲ. ನಿವೃತ್ತ ಹೆಡ್‌ಮಾಸ್ಟರ್‌ಗೆ ಕೊಡುವ ಸನ್ಮಾನ ಹೇಗೋ ಹಾಗೆ.

ಇದರ ಜೊತೆ ಎರಡು ಮಾತು ಸರಿ ಮಾಡಬೇಕು. ಅಭಿಮಾನಿಗಳು ಪದೇ ಪದೇ ಹೇಳೋದು ಇವು.

ಒಂದು, ಉಯೆಶಿಬಾ ಅವರ ಕೈಕೆಳಗೇ ಜಪಾನ್‌ನಲ್ಲಿ ಕಲಿತರು ಅನ್ನೋದು. ಉಯೆಶಿಬಾ ತೀರಿಕೊಂಡಿದ್ದು 1969ರ ಏಪ್ರಿಲ್ 26ಕ್ಕೆ. ಆಗ ಸೀಗಲ್‌ಗೆ ಹದಿನೇಳು ತುಂಬಿ ಎರಡು ವಾರ ಆಗಿತ್ತು. ಅವರು ಜಪಾನ್‌ಗೆ ಹೋಗಿ ನೆಲೆಸಿದ್ದು ಆಮೇಲೆ. ತಾರೀಕು ಪಕ್ಕಪಕ್ಕ ಇಟ್ಟರೆ ಹೊಂದಲ್ಲ.

ಎರಡು, ಜಪಾನ್‌ನಲ್ಲಿ ದೋಜೋ ತೆರೆದ ಮೊದಲ ವಿದೇಶಿಯ ಅನ್ನೋದು. ಅವರು ಕಲಿಸಿದ್ದು ನಿಜ. ಆದರೆ ಆ ದೋಜೋ ಹೆಂಡತಿಯ ಮನೆಯವರದು. ಅವರು ಅಮೆರಿಕಕ್ಕೆ ಹೋದ ಮೇಲೂ ಫುಜಿತಾನಿ ಅಲ್ಲಿ ಪಾಠ ಮುಂದುವರಿಸಿದರು. ಮಕ್ಕಳನ್ನೂ ಬೆಳೆಸಿದರು. ನಾನು ಒಬ್ಬ ಹೆಂಗಸಾಗಿ ಮ್ಯಾಟ್ ಮೇಲೆ ನಿಲ್ಲುವಾಗ ನನಗೆ ಮೊದಲು ನೆನಪಾಗೋದು ಅವರು. ಸೀಗಲ್ ಹೆಸರು ಬಂದ ಕಡೆಯೆಲ್ಲ ಅವರ ಹೆಸರು ಬರೀ ಮೊದಲ ಹೆಂಡತಿ ಅಂತ ಬರುತ್ತದೆ. ಅವರು ಟೀಚರ್. ಹಾಗೇ ಬರೆಯಬೇಕು.

ಈ ಎರಡು ಮಾತು ತೆಗೆದುಹಾಕಿದರೂ ಸೀಗಲ್ ಅವರ ಕಲಿಕೆ ಸಣ್ಣದಾಗಲ್ಲ. 1970ರ ದಶಕದ ಒಸಾಕಾದಲ್ಲಿ ಒಬ್ಬ ಬಿಳಿಯ ಹುಡುಗ ಜಪಾನಿ ಕಲಿತು, ಜಪಾನಿ ಶಿಷ್ಯರಿಗೆ ಪಾಠ ಹೇಳಿ, ಅವರಿಂದ ಗುರು ಅನಿಸಿಕೊಂಡಿದ್ದು ಕಡಿಮೆಯದಲ್ಲ. ಮಾತ್ಸುವೊಕಾ ಅವರಂಥ ಶಿಷ್ಯ ಊರು ಬಿಟ್ಟು ಜೊತೆಗೆ ಬಂದರಲ್ಲ, ಅದಕ್ಕೆ ಏನೋ ಕಾರಣ ಇರಬೇಕು. ಆಮೇಲೆ ಇಬ್ಬರೂ ಬೇರೆಯಾದರು. ಮಾತ್ಸುವೊಕಾ ಅವರ ಐಕಿಡೋ ನೋಡಿ, ಹಗುರ, ಚುರುಕು, ಸ್ವಚ್ಛ. ಗುರುವನ್ನು ಅಳೆಯೋಕೆ ಶಿಷ್ಯರನ್ನು ನೋಡೋದು ನಮ್ಮ ಸಂಗೀತದವರ ರೂಢಿ, ಇಲ್ಲೂ ಅದು ನಡೆಯುತ್ತದೆ.

ತಿಗಳರಪೇಟೆ ಗರಡಿ:

ಅಕ್ಕಾವ್ರೇ, ನೀವು ಕಾಲು ನೋಡಿ ಅಂದಿದ್ದು ಓದಿ ನಮ್ಮ ತಾತ ಎದ್ದು ಬಂದ ಹಾಗಾಯ್ತು. ತಾತ ಪೇಟೆ ಗರಡಿಯಲ್ಲಿ ಉಸ್ತಾದ್ ಆಗಿದ್ದವರು. ಕುಸ್ತಿ ನೋಡೋಕೆ ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಪೈಲ್ವಾನರ ತೋಳು ನೋಡಿ ನಾನು ಬಾಯಿ ಬಿಟ್ಟುಕೊಂಡು ಕೂತರೆ ತೊಡೆಗೆ ತಟ್ಟಿ "ತೋಳು ಏನ್ ನೋಡ್ತೀಯೋ, ಮಣ್ಣು ನೋಡು" ಅಂತಿದ್ದರು. ಮಣ್ಣಲ್ಲಿ ಹೆಜ್ಜೆ ಗುರುತು ಬೀಳುತ್ತೆ. ಒಳ್ಳೇ ಪೈಲ್ವಾನನ ಗುರುತು ಸಣ್ಣದು, ಹತ್ತಿರ ಹತ್ತಿರ. ಸುಸ್ತಾದವನದು ಉಜ್ಜಿಕೊಂಡು ಹೋಗಿರುತ್ತೆ. ಕುಸ್ತಿ ಮುಗಿದ ಮೇಲೂ ತಾತ ಅಖಾಡಕ್ಕೆ ಇಳಿದು ಆ ಗುರುತು ತೋರಿಸುತ್ತಿದ್ದರು. ಎಲ್ಲಿ ಹಿಮ್ಮಡಿ ಎತ್ತಿದ, ಎಲ್ಲಿ ಭಾರ ತಪ್ಪಿತು ಅಂತ.

ಆದರೆ ನನಗೆ ಒಂದು ಕೊರಗು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಮಾತು ಮುಗೀತು. ಮೈಸೂರು ದಸರಾದಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗ ಇದೆಯಲ್ಲ, ಅಲ್ಲಿ ತಲೆ ಬೋಳಿಸಿಕೊಂಡು ಇಳೀತಾರೆ, ಮೊದಲ ರಕ್ತ ಕಂಡ ಕೂಡಲೇ ನಿಲ್ಲಿಸ್ತಾರೆ. ಕ್ಷಣದ ಕಾಳಗ, ಆದರೂ ಅಳತೆ ಸ್ಪಷ್ಟ. ನಿಮ್ಮ ಐಕಿಡೋದಲ್ಲಿ ಆ ಅಳತೆ ಎಲ್ಲಿದೆ? ಗೆಲುವು ಸೋಲು ಇಲ್ಲದ ಕಡೆ ಯಾರು ಬೇಕಾದರೂ ದೊಡ್ಡವರಾಗಬಹುದಲ್ವಾ?

ಜಯನಗರ ಮ್ಯಾಟ್:

ನಿಮ್ಮ ತಾತನ ಮಾತು ನಾಳೆ ಕ್ಲಾಸ್‌ನಲ್ಲಿ ಹೇಳುತ್ತೀನಿ. ಮಣ್ಣು ನೋಡು ಅನ್ನೋದನ್ನು ನಾನು ಹನ್ನೊಂದು ವರ್ಷದಲ್ಲಿ ಇಷ್ಟು ಚೆನ್ನಾಗಿ ಕೇಳಿರಲಿಲ್ಲ.

ನಿಮ್ಮ ಕೊರಗು ನನ್ನದೂ ಹೌದು. ಐಕಿಕಾಯ್ ಪದ್ಧತಿಯಲ್ಲಿ ಸ್ಪರ್ಧೆ ಇಲ್ಲ. ಉಯೆಶಿಬಾ ಅವರಿಗೇ ಅದು ಬೇಡವಾಗಿತ್ತು. ಅವರ ಶಿಷ್ಯರಲ್ಲೇ ಕೆಂಜಿ ತೊಮಿಕಿ ಅನ್ನುವವರು ಜೂಡೋದಿಂದ ಬಂದವರು. ಅವರಿಗೆ ಇದು ಸಮಾಧಾನ ಕೊಡಲಿಲ್ಲ. ಒಬ್ಬರ ಕೈಗೆ ಮೆತ್ತನೆಯ ನಕಲಿ ಚಾಕು ಕೊಟ್ಟು, ಇನ್ನೊಬ್ಬರು ಬರಿಗೈಯಲ್ಲಿ ಎದುರಿಸಿ, ಅರ್ಧದಲ್ಲಿ ಅದಲು ಬದಲಾಗುವ ಪಂದ್ಯ ತಂದರು. ಇನ್ನೊಬ್ಬ ಶಿಷ್ಯ ಗೋಜೋ ಶಿಯೋದಾ ಅವರ ಯೋಶಿನ್‌ಕಾನ್ ಪದ್ಧತಿಯಲ್ಲಿ ಟೋಕಿಯೋ ಪೊಲೀಸರ ಗಲಭೆ ನಿಗ್ರಹ ದಳದವರು ತರಬೇತಿ ಪಡೆಯುತ್ತಾರೆ. ಹಾಗಾಗಿ ಅಳತೆ ಹುಡುಕಿದವರು ಒಳಗೇ ಇದ್ದರು. ಸೀಗಲ್ ಆ ದಾರಿಯವರಲ್ಲ.

ಅಂದಮೇಲೆ ಅವರ ವಿಷಯದಲ್ಲಿ ನಮಗೆ ಗೆಲುವು ಸೋಲಿನ ಪಟ್ಟಿ ಸಿಗಲ್ಲ. ಅದಕ್ಕೇ ನಾನು ರಾಂದೋರಿ, ಅಂದರೆ ಹಲವರನ್ನು ಒಟ್ಟಿಗೆ ಎದುರಿಸುವ ಅಭ್ಯಾಸ, ನೋಡುತ್ತೀನಿ. ಮೂರು ನಾಲ್ಕು ಜನ ಒಟ್ಟಿಗೆ ನುಗ್ಗುವಾಗ, ಯಾರು ಮೊದಲು ಬರುತ್ತಾರೆ ಅಂತ ಪೂರ್ತಿ ಮಾತಾಡಿಕೊಂಡಿರೋಕೆ ಆಗಲ್ಲ. ಅಲ್ಲಿ ತಪ್ಪು ಕಾಣುತ್ತದೆ. ಯಾರೋ ಒಬ್ಬ ಬೇಗ ಬಂದುಬಿಡುತ್ತಾನೆ, ಇನ್ನೊಬ್ಬ ಬಿದ್ದವನ ಮೇಲೆ ಎಡವುತ್ತಾನೆ. ಆಗ ಗುರು ಏನು ಮಾಡಿದರು? ಹಳೇ ಸೀಗಲ್ ಅಂಥ ಕಡೆ ಸುಂದರವಾದ ಪಟ್ಟು ಬಿಟ್ಟು ಒಂದು ತಳ್ಳು ತಳ್ಳಿ ಮುಂದಕ್ಕೆ ಹೋಗುತ್ತಾರೆ. ನೋಡೋಕೆ ಚೆನ್ನಾಗಿರಲ್ಲ. ನನಗೆ ಆ ತಳ್ಳೇ ಪ್ರಮಾಣ. ಅದನ್ನು ಯಾರೂ ಅಭ್ಯಾಸ ಮಾಡಿಕೊಂಡು ಬಂದಿರಲ್ಲ.

ಸಂಜೆ ಶೋ:

ಸಿನಿಮಾ ಬಗ್ಗೆ ಯಾರೂ ಮಾತಾಡಲಿಲ್ಲ, ನಾನು ಹೇಳ್ತೀನಿ. ನಾನು ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆ ಥಿಯೇಟರುಗಳಲ್ಲಿ ಇಂಗ್ಲಿಷ್ ಫೈಟ್ ಸಿನಿಮಾ ನೋಡುತ್ತಾ ಬೆಳೆದವನು. ಸೀಗಲ್ ತೆರೆ ಮೇಲೆ ಬಂದಾಗ ಅದು ಹೊಸದಾಗಿತ್ತು. ಬೇರೆಯವರು ಕಾಲೆತ್ತಿ ಹೊಡೆಯುತ್ತಿದ್ದರು, ಕೂಗುತ್ತಿದ್ದರು. ಇವರು ಸುಮ್ಮನೆ ನಡೆದುಕೊಂಡು ಹೋಗಿ ಕೈ ತಿರುಗಿಸುತ್ತಿದ್ದರು. ಇಡೀ ಹಾಲ್ 'ಹಾ' ಅಂತ ಉಸಿರು ಎಳೆದುಕೊಳ್ಳುತ್ತಿತ್ತು. ಬೆಂಗಳೂರಲ್ಲಿ ಐಕಿಡೋ ಅನ್ನೋ ಪದ ನನ್ನಂಥವರ ಕಿವಿಗೆ ಬಿದ್ದಿದ್ದೇ ಆಗ.

ಮೊದಮೊದಲ ಸಿನಿಮಾಗಳಲ್ಲಿ ಶಾಟ್ ಸ್ವಲ್ಪ ಉದ್ದ ಇರುತ್ತದೆ. ಇಡೀ ಮೈ ಕಾಣುತ್ತದೆ. ಆಮೇಲಿನವುಗಳಲ್ಲಿ ಕೈ ಒಂದು ಶಾಟ್, ಮುಖ ಒಂದು ಶಾಟ್, ಬಿದ್ದವನು ಇನ್ನೊಂದು ಶಾಟ್. ಕಾಲಂತೂ ಕಾಣುವುದೇ ಇಲ್ಲ. ಎಡಿಟಿಂಗ್ ಕೋಣೆ ಗೊತ್ತಿದ್ದವರಿಗೆ ಇದರ ಅರ್ಥ ತಿಳಿಯುತ್ತದೆ. ಇಷ್ಟು ತುಂಡು ಮಾಡಿದರೆ ಯಾರನ್ನು ಬೇಕಾದರೂ ವೀರನನ್ನಾಗಿ ಮಾಡಬಹುದು. ಹಾಗಾಗಿ ಸಿನಿಮಾ ನೋಡಿ ಅಳೆಯೋದಾದರೆ ಕತ್ತರಿ ಬೀಳದ ಶಾಟ್ ಮಾತ್ರ ಲೆಕ್ಕಕ್ಕೆ ತಗೊಳ್ಳಿ.

ನಮ್ಮ ಶಂಕರ್‌ನಾಗ್ ಅವರನ್ನು ಕರಾಟೆ ಕಿಂಗ್ ಅಂತ ಕರೆದೆವು. ಇವತ್ತಿಗೂ ಆಟೋ ಹಿಂದೆ ಅವರ ಚಿತ್ರ ಇದೆ. ಯಾವ ಬೆಲ್ಟ್ ಅಂತ ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅವರು ತೆರೆಯ ಮೇಲಿನ ಕೆಲಸವನ್ನು ತೆರೆಯ ಮೇಲೇ ಬಿಟ್ಟರು. ಸೀಗಲ್ ಹಾಗೆ ಬಿಡಲಿಲ್ಲ, ಅದಕ್ಕೇ ಈ ಚರ್ಚೆ.

ರಾಜಾಜಿನಗರ ಹುಡುಗ:

ಸರಿ, ಕಾಗದ ಇಟ್ಟು ನೋಡಿದೆ. ವ್ಯತ್ಯಾಸ ಇದೆ, ಒಪ್ಪಿದೆ. ಆದರೆ ಫ್ರಂಟ್ ಕಿಕ್ ವಿಷಯ ಏನು? 2011ರಲ್ಲಿ ಎಂಎಂಎ (ಹಲವು ಸಮರಕಲೆ ಸೇರಿದ ಹೊಡೆದಾಟದ ಆಟ) ಪಂದ್ಯದಲ್ಲಿ ಆಂಡರ್ಸನ್ ಸಿಲ್ವಾ ವಿಟೋರ್ ಬೆಲ್‌ಫೋರ್ಟ್ ಅವರನ್ನು ಒಂದೇ ಕಿಕ್‌ಗೆ ಮಲಗಿಸಿದರು. ಅದೇ ವರ್ಷ ಏಪ್ರಿಲ್‌ನಲ್ಲಿ ಲಿಯೋಟೊ ಮಚಿಡಾ ಹಾರಿ ಹೊಡೆದು ರ್‍ಯಾಂಡಿ ಕುಟೂರ್ ಅವರನ್ನು ಬೀಳಿಸಿದರು. ಎರಡನ್ನೂ ಕಲಿಸಿದ್ದು ನಾನೇ ಅಂತ ಸೀಗಲ್ ಹೇಳಿಕೊಂಡರು. ನಮ್ಮ ಜಿಮ್‌ನಲ್ಲಿ ಈಗಲೂ ಇದರ ಮೇಲೆ ಜಗಳ ಆಗುತ್ತೆ.

ಹಳೇ ಜೂಡೋ:

ಮಚಿಡಾ ಅವರ ಅಪ್ಪ ಶೋತೋಕಾನ್ ಕರಾಟೆ ಗುರು. ಹುಡುಗ ನಡೆಯೋಕೆ ಕಲಿತಾಗಿನಿಂದ ಮಾಯೆಗೇರಿ (ಫ್ರಂಟ್ ಕಿಕ್) ಹೊಡೆದಿರುತ್ತಾನೆ. ಆ ಕಿಕ್ ಕರಾಟೆಯ ಮನೆಯ ಸೊತ್ತು. ಸೀಗಲ್ ಅವರ ಜೊತೆ ಅಭ್ಯಾಸ ಮಾಡಿದ್ದು ನಿಜ, ಏನಾದರೂ ತಿದ್ದಿರಬಹುದು. ಹೊರಗಿನ ಕಣ್ಣು ಕೆಲವೊಮ್ಮೆ ನಾವು ಕಾಣದ್ದನ್ನು ಕಾಣುತ್ತದೆ. ಆದರೆ ಹೊಡೆದ ಕಾಲು ಅವರದು, ರಿಂಗ್‌ಗೆ ಇಳಿದವರೂ ಅವರೇ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಐಕಿಡೋ ಪಟ್ಟೇ ಅಲ್ಲ. ಐಕಿಡೋ ಎಷ್ಟು ಬರುತ್ತದೆ ಅಂತ ಅಳೆಯುವಾಗ ಇದನ್ನು ತಕ್ಕಡಿಯ ಯಾವ ಕಡೆಗೂ ಹಾಕಬಾರದು.

ಷಾನ್ ಕಾನರಿ ಅವರ ಕಥೆಯೂ ಹಾಗೇ. 1983ರಲ್ಲಿ ಬಂದ ಒಂದು ಸಿನಿಮಾಗೆ ಸೀಗಲ್ ತರಬೇತಿ ಕೊಡುವಾಗ ಮಣಿಕಟ್ಟು ಮುರಿಯಿತು ಅಂತ ಕಾನರಿ ಅವರೇ ಟಿವಿಯಲ್ಲಿ ಹೇಳಿದ್ದರು. ಜನ ಇದನ್ನು ಸೀಗಲ್ ಅವರ ಬಲಕ್ಕೆ ಸಾಕ್ಷಿ ಅಂತ ಹೇಳುತ್ತಾರೆ. ನಾನು ಉಲ್ಟಾ ಓದುತ್ತೀನಿ. ಕಲಿಯೋಕೆ ಬಂದವರ ಕೈ ಮುರಿದರೆ ಅಲ್ಲಿ ಕಲಿಸುವವರ ಹಿಡಿತ ತಪ್ಪಿದೆ. ಮೇಡಂ ಮೇಲೆ ತಮ್ಮ ಮಣಿಕಟ್ಟಿನ ವಿಷಯ ಬರೆದರಲ್ಲ, ಅದನ್ನು ಓದಿದಾಗಲೂ ನನಗೆ ಅದೇ ಅನಿಸಿತು. ನಿಲ್ಲಿಸೋದು ಗೊತ್ತಿರುವವನೇ ಕೈ ಪಳಗಿದವನು.

ವಿಜಯನಗರ ಓದುಗಿ:

ಎಲ್ಲ ಓದಿದೆ. ನನಗೆ ಒಂದು ವಿಷಯ ಸಹಿಸೋಕೆ ಆಗುತ್ತಿಲ್ಲ. ಹಲವು ಮಹಿಳೆಯರು ಈ ಮನುಷ್ಯನ ಮೇಲೆ ಕಿರುಕುಳದ ಆರೋಪ ಮಾಡಿದ್ದಾರೆ. ಅವರು ಅಲ್ಲಗಳೆದಿದ್ದಾರೆ, ಅದೂ ಗೊತ್ತು. ಹಾಗಿದ್ದೂ ಅವರ ಕಾಲು ಎಷ್ಟು ಚೆನ್ನಾಗಿದೆ ಅಂತ ನಾವು ಇಷ್ಟುದ್ದ ಮಾತಾಡಬೇಕಾ?

ಜಯನಗರ ಮ್ಯಾಟ್:

ನೀವು ಕೇಳಿದ್ದು ಒಳ್ಳೆಯದಾಯಿತು. ಬರೆಯೋ ಮೊದಲು ನಾನೂ ಇದನ್ನೇ ಯೋಚಿಸಿದೆ.

ನಾನು ಅವರನ್ನು ಆದರ್ಶ ಅಂತ ಹೇಳುತ್ತಿಲ್ಲ. ನಮ್ಮ ಮ್ಯಾಟ್ ಹತ್ತಿರ ಅವರ ಫೋಟೋ ಇಲ್ಲ, ಇಡುವುದೂ ಇಲ್ಲ. ಐಕಿಡೋ ಅಂದರೆ ಒಬ್ಬರ ಕೈಗೆ ಇನ್ನೊಬ್ಬರು ತಮ್ಮ ಮೈ ಒಪ್ಪಿಸುವುದು. ನನ್ನ ಕತ್ತು, ನನ್ನ ಭುಜ, ನನ್ನ ಮಣಿಕಟ್ಟು ದಿನಾ ಯಾರದೋ ಕೈಯಲ್ಲಿ ಇರುತ್ತದೆ. ಅಲ್ಲಿ ನಂಬಿಕೆ ಇಲ್ಲದಿದ್ದರೆ ಕ್ಲಾಸ್ ನಡೆಯೋದೇ ಇಲ್ಲ. ಹಾಗಾಗಿ ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ, ಅದು ಸರಿಯಾದ ಸಿಟ್ಟು.

ಆದರೂ ಯಾಕೆ ಬರೆದೆ ಅಂದರೆ, ನಮ್ಮ ಹುಡುಗ ಕೇಳಿದ್ದು ಆ ಮನುಷ್ಯ ಒಳ್ಳೆಯವನಾ ಅಂತ ಅಲ್ಲ. ನಾನು ಕಲೀತಿರೋದು ಸುಳ್ಳಾ ಅಂತ. ಒಬ್ಬ ವ್ಯಕ್ತಿಯ ಮೇಲಿನ ಸಿಟ್ಟಿಗೆ ಅವನ ಕೈಯಲ್ಲಿದ್ದ ವಿದ್ಯೆಯೇ ಇರಲಿಲ್ಲ ಅಂತ ಹೇಳಿದರೆ ಅದು ಸುಳ್ಳಾಗುತ್ತದೆ. ವಿದ್ಯೆ ಇತ್ತು ಅಂತ ಉಳಿದದ್ದನ್ನು ಮುಚ್ಚಿಹಾಕಿದರೆ ಅದು ಇನ್ನೂ ದೊಡ್ಡ ಸುಳ್ಳು. ಎರಡನ್ನೂ ಬೇರೆ ಬೇರೆಯಾಗಿ, ಎರಡನ್ನೂ ಜೋರಾಗಿ ಹೇಳಬೇಕು ಅಂತ ನನಗೆ ಅನಿಸುತ್ತದೆ.

ಇನ್ನೊಂದು ಮಾತು, ರಾಜಾಜಿನಗರದ ತಮ್ಮನಿಗೆ. ಸೀಗಲ್ ಅವರನ್ನು ರಿಂಗ್‌ಗೆ ಇಳಿಸಿದ್ದರೆ ಗೆಲ್ಲುತ್ತಿದ್ದರಾ ಅಂತ ನೀನು ಮುಂದೆ ಕೇಳುತ್ತೀಯ, ನನಗೆ ಗೊತ್ತು. ಅದು ಬೇರೆ ಪ್ರಶ್ನೆ. ಲಿಥುವೇನಿಯಾದ ಒಬ್ಬ ಐಕಿಡೋ ಶಿಕ್ಷಕರು ಎಂಎಂಎ ಆಡುವವರ ಎದುರು ನಿಂತು, ತಮ್ಮ ವಿದ್ಯೆ ನಡೆಯದೇ ಹೋದದ್ದನ್ನು ತಾವೇ ವಿಡಿಯೋ ಹಾಕಿದರು. ತುಂಬ ಧೈರ್ಯ ಬೇಕು ಅದಕ್ಕೆ. ನಿನ್ನ ಜೊತೆ ಮೂರು ರೌಂಡ್ ನಿಲ್ಲೋದಾದರೆ ನಾನೂ ಸೋಲುತ್ತೀನಿ. ನೀನು ದಿನಾ ಅದನ್ನೇ ಅಭ್ಯಾಸ ಮಾಡುತ್ತೀಯ, ನಾನು ಮಾಡಲ್ಲ. ಐಕಿಡೋ ಎಷ್ಟು ಬರುತ್ತದೆ ಅಂತ ಕೇಳಿದರೆ ಐಕಿಡೋ ಒಳಗಿನ ಅಳತೆಯಿಂದಲೇ ಉತ್ತರ ಹುಡುಕಬೇಕು. ಗೆರೆಯಿಂದ ಹೊರಗೆ ಬಂದರಾ, ದೂರ ಸರಿಯಾಗಿತ್ತಾ, ಎದುರಿನವರ ಭಾರ ತಪ್ಪಿಸಿದರಾ, ಮುಗಿದ ಮೇಲೆ ತಾವು ಗಟ್ಟಿಯಾಗಿ ನಿಂತಿದ್ದರಾ. ಈ ಲೆಕ್ಕದಲ್ಲಿ 1980ರ ಆಸುಪಾಸಿನ ಸೀಗಲ್‌ಗೆ ನಾನು ತಲೆಬಾಗುತ್ತೀನಿ. ಈಗಿನ ಪ್ರದರ್ಶನಗಳಿಗೆ ಬಾಗಲ್ಲ. ವಯಸ್ಸಾಯಿತು, ಮೈ ತೂಕ ಜಾಸ್ತಿಯಾಯಿತು, ಅದು ಯಾರ ತಪ್ಪೂ ಅಲ್ಲ. ಆದರೆ ಎದುರಿನವರು ನಿಜವಾಗಿ ಹಿಡಿಯೋದನ್ನು ಬಿಟ್ಟುಬಿಟ್ಟರಲ್ಲ, ಅದು ನನಗೆ ನೋವಾಗುತ್ತದೆ. ವಯಸ್ಸಾದ ಗುರುಗಳನ್ನೂ ಶಿಷ್ಯರು ನಿಜವಾಗಿ ಹಿಡಿಯಬೇಕು. ಅದೇ ಅವರಿಗೆ ಕೊಡುವ ಗೌರವ.

ತಿಗಳರಪೇಟೆ ಗರಡಿ:

ಹೌದು ಅಕ್ಕಾವ್ರೇ. ತಾತನಿಗೆ ಎಪ್ಪತ್ತು ದಾಟಿದ ಮೇಲೂ ಹುಡುಗರು ಜೋರಾಗೇ ಕೈ ಹಾಕುತ್ತಿದ್ದರು. ಬಿಟ್ಟುಕೊಟ್ಟರೆ ಬೈಸಿಕೊಳ್ಳುತ್ತಿದ್ದರು.

ಹೊಸ ಹುಡುಗ:

ಅಕ್ಕಾ, ದರ್ಶಿನಿಯಲ್ಲಿ ಕೇಳಿದವನು ನಾನೇ. ನೀವು ಇಷ್ಟೆಲ್ಲ ಬರೀತೀರ ಅಂತ ಗೊತ್ತಿರಲಿಲ್ಲ.

ಇವತ್ತು ಮೆಟ್ರೋದಲ್ಲಿ ಜಯನಗರದಿಂದ ಮೆಜೆಸ್ಟಿಕ್‌ವರೆಗೆ ಬರುವಾಗ ಹೋಟೆಲ್ ಬಿಲ್ ಮಡಚಿ ಫೋನ್ ಮೇಲೆ ಇಟ್ಟುಕೊಂಡು ನೋಡಿದೆ. ಮೊದಲು ಹೊಸ ವಿಡಿಯೋ. ಹಕಾಮಾ (ಲಂಗದ ಹಾಗೆ ಕಾಣುವ ಅಗಲ ಪ್ಯಾಂಟು) ಅಂಚು ಅಲ್ಲಾಡುತ್ತೆ ಅಷ್ಟೇ, ಪಾದ ಹೆಚ್ಚು ಕಡಿಮೆ ಅಲ್ಲೇ. ಒಂದು ಕಡೆ ಮಾತ್ರ ಎಡಗಾಲು ಪಕ್ಕಕ್ಕೆ ಹೋಯ್ತು. ಕಾಗದ ತೆಗೆದು ಅದೇ ಜಾಗ ಮತ್ತೆ ನೋಡಿದೆ. ಅಲ್ಲಿ ಬಿದ್ದವನ ಬಿಳೀ ಪ್ಯಾಂಟಿನ ಮೊಣಕಾಲು ನಿಜವಾಗಿ ಕುಸಿದಿತ್ತು. ಬೇರೆಯವರು ಹಾರಿದ್ದರು, ಇವನು ಕುಸಿದ.

ಆಮೇಲೆ ಹಳೇದು. ನ್ಯಾಷನಲ್ ಕಾಲೇಜು ಸ್ಟೇಷನ್ ಬರುವಷ್ಟರಲ್ಲಿ ನಾಲ್ಕು ಸಲ ಹಿಂದಕ್ಕೆ ಹಾಕಿದೆ. ಹಕಾಮಾ ಕಪ್ಪಗಿರೋದರಿಂದ ಪಾದ ಸರಿಯಾಗಿ ಕಾಣಲ್ಲ, ಆದರೆ ಕಂಡಾಗೆಲ್ಲ ಅದು ಇನ್ನೊಬ್ಬನ ಪಾದಕ್ಕಿಂತ ಮೊದಲೇ ನೆಲದ ಮೇಲಿತ್ತು. ಪ್ರತೀ ಸಲ ಅಲ್ಲ. ಜಾಸ್ತಿ ಸಲ. ಒಂದು ಕಡೆ ನೀವು ಹೇಳಿದ ಆ ತಳ್ಳೂ ಸಿಕ್ಕಿತು. ಅವರು ಸ್ವಲ್ಪ ತಡವಾದರು, ಹಿಂದೆ ಒಂದು ಹೆಜ್ಜೆ ಇಟ್ಟರು, ಆಮೇಲೆ ತಳ್ಳಿದರು.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು "ಏನಪ್ಪಾ, ಅರ್ಧ ಮುಚ್ಚಿಕೊಂಡು ಏನು ನೋಡ್ತಿದ್ದೀಯ" ಅಂತ ಕೇಳಿದರು. ಕಾಲು ಅಜ್ಜಿ ಅಂದೆ. ಅವರೂ ಸ್ವಲ್ಪ ಹೊತ್ತು ನೋಡಿದರು.

ಅಕ್ಕಾ, ಭಾನುವಾರ ನನ್ನ ಕಾಲು ಒಂದು ಸಲ ವಿಡಿಯೋ ಮಾಡ್ತೀರಾ? ಮೇಲಿನದು ಬೇಡ.

ಜಯನಗರ ಮ್ಯಾಟ್:

ಮಾಡ್ತೀನಿ. ಆರೂವರೆಗೆ ಬಾ, ಬೇರೆಯವರು ಬರೋ ಮೊದಲು ಮುಗಿಸೋಣ. ಹಕಾಮಾ ಹಾಕಿರೋರು ಬೇಡ, ಜೂಡೋ ಸಾರ್‌ನ ಕರೀತೀನಿ. ಅವರು ನಿಜವಾಗಿ ಹಿಡೀತಾರೆ.